ಒಲಿಂಪಿಕ್ ಗ್ಲೈಡರ್‌ಗೆ ಸಿಕ್ಕ ಸುಲಭದ ಮಾಫಿ

ಹಳೆಯ ಮರದ ಗ್ಲೈಡರ್‌ಗಳನ್ನು ಪ್ರೀತಿಸುವ ಬಳಗದಲ್ಲಿ ಒಂದು ಕಥೆಗೆ ಯಾವತ್ತೂ ಮರ್ಯಾದೆ ಹೆಚ್ಚು. ಜರ್ಮನಿಯ ಹಾನ್ಸ್ ಜಾಕೋಬ್ಸ್ ‘ಮೈಜೆ’ ಎಂಬ ಪುಟ್ಟ ಗ್ಲೈಡರೊಂದನ್ನು ರೂಪಿಸಿದ. 1940ರ ಒಲಿಂಪಿಕ್ಸ್‌ನಲ್ಲಿ ಎಲ್ಲ ದೇಶದವರೂ ಇದನ್ನೇ ಹಾರಿಸಬೇಕೆಂದು ಹಿಂದಿನ ವರ್ಷ ಅಂತಾರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ ಆರಿಸಿದರು. ಅಷ್ಟರಲ್ಲಿ ಯುದ್ಧ ಬಂತು, ಒಲಿಂಪಿಕ್ಸ್ ರದ್ದಾಯಿತು, ಗ್ಲೈಡರ್ ಅನಾಥವಾಯಿತು. ಯುದ್ಧ ಮುಗಿದದ್ದೇ ತಡ, ನಿನ್ನೆಯವರೆಗೆ ಶತ್ರುವಾಗಿದ್ದ ಇಂಗ್ಲೆಂಡೇ ಅದರ ನಕ್ಷೆಯನ್ನು ಕೈಗೆತ್ತಿಕೊಂಡಿತು. ಪೀಠೋಪಕರಣ ಮಾಡುವ ಕಾರ್ಖಾನೆಯೊಂದು ಅದನ್ನು ‘ಒಲಿಂಪಿಯಾ’ ಎಂಬ ಹೆಸರಿನಲ್ಲಿ ಕಟ್ಟಿ ಜಗತ್ತಿಗೆಲ್ಲ ಮಾರಿತು. ಯುದ್ಧ ಸೋತು ಆಟ ಗೆದ್ದಿತು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಕೇಳಿದವರು ತಲೆದೂಗುತ್ತಾರೆ.

ಇದರಲ್ಲಿ ಬರುವ ಸಂಗತಿಗಳ ಬಗ್ಗೆ ನನ್ನ ತಕರಾರಿಲ್ಲ, ಒಂದೊಂದೂ ನಿಜ. ತಕರಾರು ಇರುವುದು ಅವುಗಳನ್ನು ಪೋಣಿಸಿದ ದಾರದ ಮೇಲೆ. ಯುದ್ಧವೆಂಬುದು ಎಲ್ಲಿಂದಲೋ ಬಂದ ಬಿರುಗಾಳಿ, ಅದು ಆಟವನ್ನು ಐದಾರು ವರ್ಷ ನಿಲ್ಲಿಸಿ ಹೊರಟುಹೋಯಿತು, ಆಮೇಲೆ ಆಟ ಬಿಟ್ಟಲ್ಲಿಂದ ಮುಂದುವರಿಯಿತು ಎಂದು ಈ ಕಥೆ ನಂಬಿಸುತ್ತದೆ. ಆದರೆ ಮೈಜೆ ಹುಟ್ಟಿದ ಕಾರ್ಯಾಗಾರದೊಳಗೇ ಯುದ್ಧದ ತಯಾರಿ ನಡೆದಿತ್ತು. ಅದಕ್ಕೆ ಮರುಹುಟ್ಟು ಕೊಟ್ಟ ಕಾರ್ಖಾನೆಯೂ ಕಸುಬನ್ನು ಕುದುರಿಸಿಕೊಂಡದ್ದು ಯುದ್ಧದಿಂದಲೇ. ಇವೆರಡನ್ನೂ ಬಿಟ್ಟು ಹೇಳುವ ಇತಿಹಾಸ ಗ್ಲೈಡರ್‌ಗೆ ಮಾಡುವ ಉಪಕಾರವಲ್ಲ.

ಮೊದಲು ಮೈಜೆಗೆ ಸಲ್ಲಬೇಕಾದದ್ದು ಸಲ್ಲಲಿ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಗ್ಲೈಡಿಂಗ್ ಬರೀ ಪ್ರದರ್ಶನದ ಆಟವಾಗಿತ್ತು. ಆಲ್ಪ್ಸ್ ಮೇಲೆ ಗ್ಲೈಡರ್ ಹಾರಿಸಿದ್ದಕ್ಕಾಗಿ ಸ್ವಿಟ್ಜರ್ಲೆಂಡಿನ ಹರ್ಮನ್ ಶ್ರೈಬರ್‌ಗೆ ಆ ವರ್ಷ ವಿಮಾನಯಾನದ ಒಲಿಂಪಿಕ್ ಪದಕವೂ ಸಂದಿತ್ತು. ಮುಂದಿನ ಸಲ ಇದನ್ನು ನಿಜವಾದ ಸ್ಪರ್ಧೆಯಾಗಿ ನಡೆಸೋಣವೆಂದಾಯಿತು. ಆಗ ಎದ್ದ ಪ್ರಶ್ನೆ ತುಂಬ ನ್ಯಾಯವಾದದ್ದು: ದುಡ್ಡಿದ್ದ ದೇಶ ಇಪ್ಪತ್ತು ಮೀಟರ್ ರೆಕ್ಕೆಯ ದುಬಾರಿ ಗ್ಲೈಡರ್ ತಂದರೆ, ಬಡ ದೇಶದ ಪೈಲಟ್ ಎಷ್ಟೇ ಜಾಣನಾದರೂ ಏನು ಮಾಡಿಯಾನು? ಉತ್ತರವೂ ಅಷ್ಟೇ ನೇರವಾಗಿತ್ತು. ಎಲ್ಲರಿಗೂ ಒಂದೇ ಗ್ಲೈಡರ್. ರೆಕ್ಕೆಯ ಉದ್ದ 15 ಮೀಟರ್. ಸಾಮಾನ್ಯ ಬಡಗಿಯೂ ಕಟ್ಟಬಲ್ಲ ಮರದ ಕೆಲಸ. ಮಡಚುವ ಚಕ್ರ, ಫ್ಲಾಪ್ ಮುಂತಾದ ಯಾವ ಹೆಚ್ಚುಗಾರಿಕೆಯೂ ಬೇಡ. ವೇಗ ಕೈಮೀರದಂತೆ ತಡೆಯುವ ಬ್ರೇಕ್ ಮಾತ್ರ ಇರಲೇಬೇಕು. 1939ರ ಫೆಬ್ರವರಿಯಲ್ಲಿ ಇಟಲಿಯ ಸೆಜ್ಜೆ ಎಂಬ ಊರಿನಲ್ಲಿ ಜರ್ಮನಿ, ಇಟಲಿ, ಪೋಲೆಂಡ್ ತಂತಮ್ಮ ಗ್ಲೈಡರ್‌ಗಳನ್ನು ತಂದು ನಿಲ್ಲಿಸಿದವು. ಬೇರೆ ಬೇರೆ ದೇಶದ ಪೈಲಟ್‌ಗಳು ಒಂದೊಂದನ್ನೂ ಹಾರಿಸಿ ನೋಡಿದರು. ಗೆದ್ದದ್ದು ಮೈಜೆ.

ಗೆಲ್ಲಬೇಕಾದದ್ದೇ ಗೆದ್ದಿತು. ಹತ್ತಿರ ನಿಂತು ನೋಡಿದರೆ ಅದರಲ್ಲಿ ಮೆರೆದಾಡುವಂಥದ್ದು ಏನೂ ಇಲ್ಲ. ಪ್ಲೈವುಡ್ ಹೊದಿಸಿದ ಮೊಟ್ಟೆಯಾಕಾರದ ಒಡಲು, ಹಿಂದಕ್ಕೆ ಸಣ್ಣಗಾಗುತ್ತ ಹೋಗುವ ಬಾಲ, ಹೊಟ್ಟೆಯಡಿ ನೆಲಕ್ಕೆ ಉಜ್ಜಿ ನಿಲ್ಲುವ ಮರದ ಜಾರುಹಲಗೆ. ರೆಕ್ಕೆಯ ಮುಂಭಾಗಕ್ಕೆ ತೆಳು ಪ್ಲೈವುಡ್, ಹಿಂಭಾಗಕ್ಕೆ ಬಟ್ಟೆ. ಬಿಸಿಲಿಗೆ ಹಿಡಿದರೆ ಬಟ್ಟೆಯ ಹಿಂದಿನ ಪಕ್ಕೆಲುಬುಗಳು ಒಂದೊಂದಾಗಿ ಕಾಣುತ್ತವೆ. ಪೈಲಟ್‌ನ ಎಡಗೈ ಸನ್ನೆಗೋಲನ್ನು ಹಿಂದಕ್ಕೆ ಎಳೆದರೆ ಎರಡೂ ರೆಕ್ಕೆಗಳ ಮೇಲೂ ಕೆಳಗೂ ಕಿರಿದಾದ ಹಲಗೆಗಳು ಎದ್ದು ನಿಲ್ಲುತ್ತವೆ. ಗಾಳಿ ಅಲ್ಲಿ ಎಡವುತ್ತದೆ, ಗ್ಲೈಡರ್ ಎಷ್ಟೇ ಕಡಿದಾಗಿ ಇಳಿದರೂ ವೇಗ ಅಂಕೆಯಲ್ಲಿರುತ್ತದೆ. ಒಂದು ಕಿಲೋಮೀಟರ್ ಎತ್ತರದಿಂದ ಬಿಟ್ಟರೆ ಸುಮಾರು 25 ಕಿಲೋಮೀಟರ್ ದೂರ ಹೋಗಿ ಇಳಿಯಬಲ್ಲದು. ಆ ಕಾಲದ 15 ಮೀಟರ್ ಗ್ಲೈಡರ್‌ಗೆ ಅದು ಒಳ್ಳೆಯ ಲೆಕ್ಕವೇ.

ಆ ಬ್ರೇಕ್ ಹಲಗೆಗಳ ಹತ್ತಿರವೇ ಇನ್ನೊಂದಿಷ್ಟು ನಿಲ್ಲೋಣ. ಅವು ಹುಟ್ಟಿದ್ದು ‘ಡಿಎಫ್ಎಸ್’ನಲ್ಲಿ, ಅಂದರೆ ಜರ್ಮನಿಯ ಗ್ಲೈಡರ್ ಸಂಶೋಧನಾ ಸಂಸ್ಥೆಯಲ್ಲಿ. ಜಾಕೋಬ್ಸ್ ಅಲ್ಲಿನ ಮುಖ್ಯ ವಿನ್ಯಾಸಕ. ಅವುಗಳನ್ನು ಹಾರಿಸಿ ಪರೀಕ್ಷಿಸಿದ್ದು ಹಾನ್ನಾ ರೈಚ್ ಎಂಬ ಪೈಲಟ್. ಆ ಪರೀಕ್ಷೆಯ ಫಲ ನೋಡಲು ಬಂದು ಕೂತವರಲ್ಲಿ ವಾಯುಪಡೆಯ ದೊಡ್ಡ ಅಧಿಕಾರಿಗಳಿದ್ದರು. ಆಟದ ಗ್ಲೈಡರ್‌ನ ಬ್ರೇಕಿನಲ್ಲಿ ಜನರಲ್‌ಗಳಿಗೆ ಏನು ಕೆಲಸ?

ಉತ್ತರ ಅದೇ ಕಾರ್ಯಾಗಾರದ ಇನ್ನೊಂದು ಗ್ಲೈಡರ್‌ನಲ್ಲಿದೆ. ಡಿಎಫ್ಎಸ್ 230 ಎಂಬ ಎಂಟೊಂಬತ್ತು ಸೈನಿಕರನ್ನು ಹೊರುವ ದಾಳಿ ಗ್ಲೈಡರ್ ಕೂಡ ಜಾಕೋಬ್ಸ್ ಕೈಯಿಂದಲೇ ಬಂದದ್ದು. ಅದು ಮೈಜೆಗಿಂತ ಮೊದಲೇ, 1930ರ ದಶಕದ ನಡುವಿನಲ್ಲೇ ರೂಪುಗೊಂಡಿತ್ತು. ಅಂದರೆ ಒಲಿಂಪಿಕ್ ಗ್ಲೈಡರ್‌ನ ಗೆರೆ ಎಳೆಯುವಾಗ ವಿನ್ಯಾಸಕನ ಮೇಜಿನ ಮೇಲೆ ಸೈನಿಕ ಗ್ಲೈಡರ್‌ನ ಕೆಲಸ ಆಗಿಹೋಗಿತ್ತು. 1940ರ ಮೇ 10ರ ನಸುಕಿನಲ್ಲಿ ಜರ್ಮನಿಯ ಕಲೋನ್‌ನಿಂದ ಯುಂಕರ್ಸ್ ವಿಮಾನಗಳು ಇಂಥ ಗ್ಲೈಡರ್‌ಗಳನ್ನು ಎಳೆದುಕೊಂಡು ಹೊರಟವು. ಬೆಲ್ಜಿಯಂನ ಎಬೆನ್-ಎಮೇಲ್ ಕೋಟೆಗೆಂದು ಹೊರಟ ಹನ್ನೊಂದರಲ್ಲಿ ಎರಡು ದಾರಿಯಲ್ಲೇ ಕಳಚಿಕೊಂಡವು. ಉಳಿದ ಒಂಬತ್ತು ಕೋಟೆಯ ಚಾವಣಿಯ ಮೇಲೇ ಸದ್ದಿಲ್ಲದೆ ಇಳಿದವು. ಯುರೋಪಿನ ಅತ್ಯಂತ ಗಟ್ಟಿ ಕೋಟೆಗಳಲ್ಲಿ ಒಂದೆಂದು ಹೆಸರಾಗಿದ್ದದ್ದು ಮರುದಿನ ಶರಣಾಯಿತು. ಆ ಗ್ಲೈಡರ್‌ಗಳನ್ನು ನಡೆಸಿದವರಲ್ಲಿ ಬೆಟ್ಟದ ಇಳಿಜಾರುಗಳಲ್ಲಿ ಸ್ಪರ್ಧೆಗಾಗಿ ಹಾರಿ ಪಳಗಿದವರಿದ್ದರು. ಇಷ್ಟು ಜಾಗದಲ್ಲಿ ಇಳಿಸು ಅಂದರೆ ಅಷ್ಟೇ ಜಾಗದಲ್ಲಿ ಇಳಿಸುವುದು ಅವರಿಗೆ ಆಟದಲ್ಲಿ ಬಂದಿದ್ದ ಕೈಚಳಕ.

ಇದನ್ನು ಹೇಳಿದಾಗ ಕೆಲವರು, ‘ಅದು ಬೇರೆ ಗ್ಲೈಡರ್, ಇದು ಬೇರೆ’ ಎನ್ನುತ್ತಾರೆ. ಹಾಗಾದರೆ ‘ಹಾಬಿಖ್ಟ್’ ನೋಡಿ. ಅದೂ ಜಾಕೋಬ್ಸ್‌ನದೇ. 13.6 ಮೀಟರ್ ರೆಕ್ಕೆಯ, ಆಕಾಶದಲ್ಲಿ ಲಾಗ ಹಾಕುವುದಕ್ಕೆಂದೇ ಮಾಡಿದ ಚೆಂದದ ಗ್ಲೈಡರ್. 1936ರ ಒಲಿಂಪಿಕ್ಸ್ ಸಮಯದಲ್ಲಿ ಬರ್ಲಿನ್‌ನ ಜನರ ಮುಂದೆ ಹಾರಿ ಚಪ್ಪಾಳೆ ಗಿಟ್ಟಿಸಿತ್ತು. ಯುದ್ಧದ ಕೊನೆಯ ವರ್ಷಗಳಲ್ಲಿ ಇದೇ ಹಾಬಿಖ್ಟ್‌ನ ರೆಕ್ಕೆಯನ್ನು 8 ಮೀಟರ್‌ಗೆ, ಆಮೇಲೆ 6 ಮೀಟರ್‌ಗೆ ಮೊಟಕು ಮಾಡಿದರು. ಕಾರಣ ರಾಕೆಟ್ ವಿಮಾನ ಮೆಸರ್‌ಶ್ಮಿಟ್ 163. ಅದರ ಇಂಧನ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗಿ, ಪೈಲಟ್ ಇಂಜಿನ್ನಿಲ್ಲದೆ, ಭಾರಿ ವೇಗದಲ್ಲಿ, ಒಂದೇ ಪ್ರಯತ್ನದಲ್ಲಿ ಜಾರುಹಲಗೆಯ ಮೇಲೆ ಇಳಿಯಬೇಕಿತ್ತು. ಅದರ ಅಭ್ಯಾಸಕ್ಕೆ ಮೊಂಡು ರೆಕ್ಕೆಯ ಹಾಬಿಖ್ಟ್. ಆ ರಾಕೆಟ್ ವಿಮಾನವನ್ನು 1941ರ ಅಕ್ಟೋಬರ್‌ನಲ್ಲಿ ಗಂಟೆಗೆ 1,000 ಕಿಲೋಮೀಟರ್ ದಾಟಿಸಿದವನೂ ಗ್ಲೈಡರ್ ಆಟಗಾರನೇ: ಹೈನಿ ಡಿಟ್ಮಾರ್, 1937ರಲ್ಲಿ ವಾಸರ್‌ಕುಪೆ ಬೆಟ್ಟದಲ್ಲಿ ನಡೆದ ಮೊದಲ ಅಂತಾರಾಷ್ಟ್ರೀಯ ಸ್ಪರ್ಧೆಯ ವಿಜೇತ.

ಇಷ್ಟಾದ ಮೇಲೆ ಇನ್ನೊಂದು ಜನಪ್ರಿಯ ಮಾತಿಗೆ ಜಾರುವುದು ಸುಲಭ. ವರ್ಸೇಲ್ಸ್ ಒಪ್ಪಂದ ಜರ್ಮನಿಗೆ ವಾಯುಪಡೆ ಬೇಡವೆಂದಿತು, ಅವರು ಗ್ಲೈಡಿಂಗ್ ನೆಪದಲ್ಲಿ ಗುಟ್ಟಾಗಿ ವಾಯುಪಡೆ ಬೆಳೆಸಿದರು ಎಂಬುದು ಆ ಮಾತು. ಇದೂ ಅರ್ಧ ಸತ್ಯವೇ. 1920ರಲ್ಲಿ ವಾಸರ್‌ಕುಪೆಗೆ ಗ್ಲೈಡರ್ ಹೊತ್ತು ಬಂದ ಕಾಲೇಜು ಹುಡುಗರ ತಲೆಯಲ್ಲಿ ದಾಳಿ ಗ್ಲೈಡರ್ ಇರಲಿಲ್ಲ. 1926ರ ಹೊತ್ತಿಗೆ ನಾಗರಿಕ ವಿಮಾನಗಳ ಮೇಲಿನ ನಿರ್ಬಂಧ ಬಹುಮಟ್ಟಿಗೆ ಸಡಿಲವಾಗಿ, ಅದೇ ವರ್ಷ ಲುಫ್ತಾನ್ಸಾ ಶುರುವಾಗಿತ್ತು. ಗುಟ್ಟಿನ ಸೇನಾ ತರಬೇತಿ 1925ರಿಂದ 1933ರವರೆಗೆ ನಡೆದದ್ದು ಸೋವಿಯತ್ ನೆಲದ ಲಿಪೆಟ್‌ಸ್ಕ್‌ನಲ್ಲಿ, ಅದೂ ಇಂಜಿನ್ ಇರುವ ವಿಮಾನಗಳಲ್ಲಿ. ಯುದ್ಧವಿಮಾನದ ಪೈಲಟ್‌ನನ್ನು ತಯಾರು ಮಾಡಲು ಗ್ಲೈಡರ್ ಸಾಲದು. 1933ರ ನಂತರ ಸರ್ಕಾರ ಗ್ಲೈಡಿಂಗನ್ನು ತನ್ನ ಕೈಗೆ ತೆಗೆದುಕೊಂಡು, ಹದಿಹರೆಯದವರನ್ನು ಅದರ ಮೂಲಕ ಹಾದುಹೋಗುವಂತೆ ಮಾಡಿತು, ಆ ಮಾತು ಬೇರೆ. ಒಂದು ಕಥೆ ಗ್ಲೈಡರನ್ನು ಪೂರ್ತಿ ನಿರಪರಾಧಿ ಮಾಡುತ್ತದೆ, ಇನ್ನೊಂದು ಹುಟ್ಟುಗಳ್ಳ. ಎರಡಕ್ಕೂ ದಾಖಲೆ ಓದುವ ತಾಳ್ಮೆಯಿಲ್ಲ.

‘ಆಕಾಶಕ್ಕೆ ಗಡಿಯಿಲ್ಲ’ ಎಂಬ ಮಾತನ್ನು ಗ್ಲೈಡಿಂಗ್ ಭಾಷಣಗಳಲ್ಲಿ ಕೇಳದ ವರ್ಷವಿಲ್ಲ. ರಾಬರ್ಟ್ ಕ್ರೋನ್‌ಫೆಲ್ಡ್‌ಗೆ ಗಡಿ ಇತ್ತು. 1929ರಲ್ಲಿ ಗ್ಲೈಡರ್‌ನಲ್ಲಿ 100 ಕಿಲೋಮೀಟರ್ ದಾಟಿದ ಮೊದಲಿಗ ಆತ, ಆಸ್ಟ್ರಿಯಾದ ಯಹೂದಿ. ನಾತ್ಸಿಗಳು ಬಂದ ಮೇಲೆ ಅವನಿಗೆ ಜರ್ಮನಿಯ ಬೆಟ್ಟಗಳಲ್ಲಿ ಜಾಗವಿಲ್ಲದಾಯಿತು. ಇಂಗ್ಲೆಂಡ್ ಸೇರಿದ, ಯುದ್ಧದಲ್ಲಿ ಬ್ರಿಟನ್ನಿನ ಸೇನಾ ಗ್ಲೈಡರ್‌ಗಳ ಕೆಲಸ ಮಾಡಿದ, 1948ರಲ್ಲಿ ಬಾಲವಿಲ್ಲದ ಗ್ಲೈಡರೊಂದನ್ನು ಪರೀಕ್ಷಿಸುವಾಗ ಸತ್ತ. ಸೆಜ್ಜೆಯ ಮೈದಾನದಲ್ಲಿ ‘ಎಲ್ಲ ದೇಶದವರಿಗೂ ಒಂದೇ ಗ್ಲೈಡರ್’ ಎಂಬ ಸಮಾನತೆ ಜಾರಿಯಾಗುವ ಆರು ವರ್ಷ ಮೊದಲೇ ಯಾರು ಗ್ಲೈಡರ್ ಹತ್ತಬಹುದು ಎಂಬುದು ತೀರ್ಮಾನವಾಗಿತ್ತು.

ಸೆಜ್ಜೆಯಲ್ಲಿ ಸೋತ ಗ್ಲೈಡರ್‌ಗಳ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಪೋಲೆಂಡ್ ಕಳಿಸಿದ್ದು ‘ಓರ್ಲಿಕ್’. ಮಾಡಿದವನು ಆಂತೋನಿ ಕೋಚಿಯಾನ್. ಏಳು ತಿಂಗಳಲ್ಲಿ ಅವನ ದೇಶದ ಮೇಲೆ ಜರ್ಮನಿ ಬಿತ್ತು. 1940ರಲ್ಲಿ ಅವನನ್ನು ಬೀದಿಯಿಂದ ಹಿಡಿದು ಆಶ್ವಿಟ್ಜ್‌ಗೆ ತಳ್ಳಿದರು. ಹೇಗೋ ಬಿಡುಗಡೆಯಾಗಿ ಬಂದವನು ಸುಮ್ಮನೆ ಕೂರಲಿಲ್ಲ. ಪೋಲೆಂಡಿನ ಭೂಗತ ಸೇನೆಯ ಗುಪ್ತಚರ ಕೆಲಸಕ್ಕೆ ಸೇರಿದ. ಜರ್ಮನರ ವಿ-1, ವಿ-2 ಅಸ್ತ್ರಗಳ ಮಾಹಿತಿ ಕಲೆಹಾಕಿ ಲಂಡನ್‌ಗೆ ಮುಟ್ಟಿಸಿದ ಜಾಲದಲ್ಲಿ ಅವನು ಮುಖ್ಯನಾಗಿದ್ದ. ಒಂದು ತುಂಡು ಲೋಹ, ಒಂದು ಮುರಿದ ಕೊಳವೆ ನೋಡಿ ಇಡೀ ಯಂತ್ರ ಹೇಗಿದ್ದೀತು ಎಂದು ಊಹಿಸಲು ವಿಮಾನ ವಿನ್ಯಾಸಕನ ಕಣ್ಣೇ ಬೇಕು. 1944ರ ಬೇಸಿಗೆಯಲ್ಲಿ ಮತ್ತೆ ಸಿಕ್ಕಿಬಿದ್ದ; ಆಗಸ್ಟ್‌ನಲ್ಲಿ ವಾರ್ಸಾದಲ್ಲಿ ಗುಂಡಿಕ್ಕಿ ಕೊಂದರು. 1939ರಲ್ಲಿ ನ್ಯೂಯಾರ್ಕ್‌ನ ವಿಶ್ವಮೇಳದಲ್ಲಿ ತೋರಿಸಲೆಂದು ಒಯ್ದಿದ್ದ ಅವನ ಓರ್ಲಿಕ್ ಒಂದು ಯುದ್ಧದಿಂದಾಗಿ ಅಮೆರಿಕದಲ್ಲೇ ಉಳಿಯಿತು. ಅದನ್ನು ಮುಂದೆ ಪಾಲ್ ಮೆಕ್ರೆಡಿ ಎಂಬ ತರುಣ ಹಾರಿಸಿ ಹೆಸರು ಮಾಡಿದ. 1979ರಲ್ಲಿ ಮನುಷ್ಯನ ಕಾಲಿನ ಬಲದಿಂದಲೇ ಇಂಗ್ಲಿಷ್ ಕಾಲುವೆ ದಾಟಿದ ವಿಮಾನದ ಸೃಷ್ಟಿಕರ್ತ ಈ ಮೆಕ್ರೆಡಿಯೇ.

ಒಂದೇ ಮೈದಾನಕ್ಕೆ ತಂತಮ್ಮ ಗ್ಲೈಡರ್ ಕಳಿಸಿದ ಇಬ್ಬರು ವಿನ್ಯಾಸಕರಲ್ಲಿ ಒಬ್ಬನ ಕೈಕೆಲಸ ಕೋಟೆಯ ಮೇಲೆ ಇಳಿಯಿತು, ಇನ್ನೊಬ್ಬನು ಅದೇ ಸರ್ಕಾರದ ಗುಂಡಿಗೆ ಬಲಿಯಾದ. ಜಾಕೋಬ್ಸ್ 1994ರವರೆಗೆ ಬಾಳಿದ, ಯುದ್ಧಾನಂತರವೂ ಗ್ಲೈಡರ್ ರೂಪಿಸಿದ. ಅವನನ್ನು ಖಳನಾಯಕ ಮಾಡುವ ಉತ್ಸಾಹ ನನಗಿಲ್ಲ; ಸರ್ಕಾರಿ ಸಂಸ್ಥೆಯ ಇಂಜಿನಿಯರ್ ಸರ್ಕಾರ ಹೇಳಿದ್ದನ್ನು ಮಾಡಿದ. ಆದರೆ ಮೈಜೆಯ ಕಥೆಯನ್ನು ಹೇಳುವಾಗ ಕೋಚಿಯಾನ್ ಹೆಸರು ಬಾರದಿದ್ದರೆ, ಯುದ್ಧ ಒಂದು ಗ್ಲೈಡರ್‌ನ ಒಲಿಂಪಿಕ್ಸ್ ಅವಕಾಶವನ್ನು ತಪ್ಪಿಸಿತು ಎಂಬುದೇ ದೊಡ್ಡ ದುರಂತವಾಗಿ ಕಾಣುತ್ತದೆ. ಆ ಒಲಿಂಪಿಕ್ಸ್ ನಡೆಯಬೇಕಿದ್ದ ಹೆಲ್ಸಿಂಕಿಯ ಕಥೆಯೂ ಅಷ್ಟೇ. ಟೋಕಿಯೊ ಕೈಬಿಟ್ಟ ಒಲಿಂಪಿಕ್ಸನ್ನು ವಹಿಸಿಕೊಂಡಿದ್ದ ಫಿನ್ಲೆಂಡ್ ಮೇಲೆ 1939ರ ನವೆಂಬರ್ 30ರಂದು ಸೋವಿಯತ್ ಸೇನೆ ನುಗ್ಗಿತು. ಅಲ್ಲಿನವರಿಗೆ ಪದಕದ ಚಿಂತೆಯಿದ್ದಿರಲಾರದು.

ಇನ್ನು ಮರುಹುಟ್ಟಿನ ಭಾಗ. ಜರ್ಮನಿ ಸೋತ ಮೇಲೆ ಮಿತ್ರರಾಷ್ಟ್ರಗಳು ಜರ್ಮನರು ಗ್ಲೈಡರ್ ಹಾರಿಸುವುದನ್ನೂ ಕಟ್ಟುವುದನ್ನೂ ನಿಷೇಧಿಸಿದವು. ಎಷ್ಟೋ ಗ್ಲೈಡರ್‌ಗಳನ್ನು ಸುಟ್ಟರು. ಸುಡದೆ ಉಳಿಸಿಕೊಂಡವನ್ನು ಅಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನಿಕರು ತಮ್ಮ ಕ್ಲಬ್‌ಗಳಲ್ಲಿ ಹಾರಿಸಿದರು, ಕೆಲವನ್ನು ಊರಿಗೆ ಸಾಗಿಸಿದರು. ಪಶ್ಚಿಮ ಜರ್ಮನಿಯಲ್ಲಿ ನಿಷೇಧ ತೆರವಾದದ್ದು 1951ರಲ್ಲಿ. ನಡುವೆ 1948ರಲ್ಲಿ ಸ್ವಿಟ್ಜರ್ಲೆಂಡಿನ ಸಮೆಡಾನ್‌ನಲ್ಲೂ 1950ರಲ್ಲಿ ಸ್ವೀಡನ್ನಿನ ಓರೆಬ್ರೂನಲ್ಲೂ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಎರಡನ್ನೂ ಗೆದ್ದವರು ಸ್ವೀಡನ್ನಿನವರು, ಪೆರ್-ಆಕ್ಸೆಲ್ ಪೆರ್ಸನ್ ಮತ್ತು ಬಿಲ್ಲಿ ನಿಲ್ಸನ್. ಎರಡೂ ಸಲ ಅವರು ಹಾರಿಸಿದ್ದು ‘ವೈಹೆ’, ಅದೂ 1938ರಲ್ಲಿ ಜಾಕೋಬ್ಸ್ ಮಾಡಿದ್ದೇ. ಜರ್ಮನ್ ಗ್ಲೈಡರ್ ಕಣದಲ್ಲಿತ್ತು, ಜರ್ಮನರು ಇರಲಿಲ್ಲ. ಇದು ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಆ ವರ್ಷಗಳಲ್ಲಿ ಬೇರೇನನ್ನು ನಿರೀಕ್ಷಿಸುವುದು? ಇದನ್ನು ಆಟದ ಗೆಲುವೆಂದು ಕರೆಯುವುದು ಮಾತ್ರ ಸರಿಯಲ್ಲ. ಇದು ಗೆದ್ದವರ ಗೆಲುವು, ಆಟದ ಮೈದಾನದವರೆಗೂ ಚಾಚಿದ್ದು.

ಒಲಿಂಪಿಯಾ ಕಟ್ಟಿದ ಇಂಗ್ಲೆಂಡಿನ ನ್ಯೂಬರಿಯ ಎಲಿಯಟ್ಸ್ ಕಂಪನಿಯ ವಿಷಯಕ್ಕೆ ಬಂದರೆ, ‘ಕುರ್ಚಿ ಮೇಜು ಮಾಡುವವರು ಗ್ಲೈಡರ್ ಮಾಡಿದರು’ ಎಂದು ಬೆರಗಾಗುವುದು ವಾಡಿಕೆ. ಬೆರಗಿಗೆ ಕಾರಣವಿಲ್ಲ. ಯುದ್ಧಕಾಲದಲ್ಲಿ ಬ್ರಿಟನ್ನಿನ ಎಷ್ಟೋ ಪೀಠೋಪಕರಣ ಕಾರ್ಖಾನೆಗಳು ಮರದ ವಿಮಾನದ ಕೆಲಸಕ್ಕೆ ತಿರುಗಿದ್ದವು. 27 ಮೀಟರ್ ರೆಕ್ಕೆಯ ‘ಹೋರ್ಸಾ’ ಸೈನಿಕ ಗ್ಲೈಡರ್‌ನ ಭಾಗಗಳು ಬಡಗಿಗಳ ಕೈಯಲ್ಲಿ ಸಾವಿರಾರು ಸಂಖ್ಯೆಯಲ್ಲಿ ತಯಾರಾದವು; ಎಲಿಯಟ್ಸ್ ಕೂಡ ಆ ಸಾಲಿನಲ್ಲಿತ್ತು. 1944ರ ಜೂನ್ 6ರ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ನಾರ್ಮಂಡಿಯಲ್ಲಿ ಕಾನ್ ಕಾಲುವೆಯ ಸೇತುವೆಗೆ ಐವತ್ತೇ ಮೀಟರ್ ದೂರದಲ್ಲಿ ಜಿಮ್ ವಾಲ್‌ವರ್ಕ್ ಎಂಬ ಪೈಲಟ್ ಇಳಿಸಿದ್ದು ಇಂಥ ಒಂದು ಹೋರ್ಸಾವನ್ನೇ. ಯುದ್ಧ ಮುಗಿಯಿತು, ಆರ್ಡರ್ ನಿಂತಿತು. ಪ್ಲೈವುಡ್ ಬಾಗಿಸುವ, ಅಂಟು ಹಾಕುವ, ಅಚ್ಚಿಗೆ ಕೂರಿಸುವ ಪಳಗಿದ ಕೈಗಳು ಕಾರ್ಖಾನೆಯಲ್ಲಿ ಉಳಿದವು. ಮೈಜೆಯ ನಕ್ಷೆ ಹಿಡಿದು ಮೊದಲು ಒಂದನ್ನು ಕಟ್ಟಿದ್ದು ಚಿಲ್ಟನ್ ಎಂಬ ಸಣ್ಣ ಕಂಪನಿ. ಹೊರ ಆಕಾರ ಹಾಗೇ ಇಟ್ಟು ಒಳಗಿನ ಕಟ್ಟನ್ನು ಗಟ್ಟಿ ಮಾಡಿತ್ತು. ಅದರ ಪಾಲುದಾರ ಆಂಡ್ರ್ಯೂ ಡಾಲ್ರಿಂಪಲ್ 1945ರ ಕ್ರಿಸ್‌ಮಸ್ ದಿನ ವಿಮಾನ ಅಪಘಾತದಲ್ಲಿ ಸತ್ತ. ಆ ವಿಮಾನ ಕೂಡ ಜರ್ಮನರಿಂದ ಬಂದ ಫೀಸಲರ್ ಶ್ಟೋರ್ಖ್. ಕೆಲಸ ಎಲಿಯಟ್ಸ್‌ಗೆ ಹೋಯಿತು. 1947ರಿಂದ ಅವರು 150 ಒಲಿಂಪಿಯಾ ಕಟ್ಟಿದರು. ಅವರ ಇನ್ನೆರಡು ಗ್ಲೈಡರ್‌ಗಳಾದ ಪ್ರೈಮರಿ ಮತ್ತು ಬೇಬಿಗೂ ಜರ್ಮನ್ ಮಾದರಿಗಳೇ ಆಧಾರ. ಫ್ರಾನ್ಸ್ ‘ನೋರ್ 2000’ ಎಂಬ ಹೆಸರಿನಲ್ಲಿ ಇದೇ ಮೈಜೆಯನ್ನು ನೂರರಷ್ಟು ಕಟ್ಟಿತು.

ಇಲ್ಲಿ ನನ್ನ ವಿರುದ್ಧ ಒಂದು ಒಳ್ಳೆಯ ವಾದವಿದೆ. ಮೈಜೆಯ ನಕ್ಷೆಗಳು ಎಲ್ಲ ದೇಶಗಳಿಗೂ ಹಂಚಲೆಂದೇ ಮಾಡಿದವು. ಅವನ್ನು ಬಳಸಿದ್ದನ್ನು ಲೂಟಿ ಎನ್ನಲಾಗದು. ಒಪ್ಪುತ್ತೇನೆ. ಇನ್ನೊಂದು ವಾದ, ಮರಕ್ಕೆ ಪಕ್ಷವಿಲ್ಲ, ಗಾಳಿಗೆ ಸಿದ್ಧಾಂತವಿಲ್ಲ ಎಂಬುದು. ಅದನ್ನು ಒಪ್ಪುವುದು ಕಷ್ಟ. ಜ್ಞಾನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ನಮ್ಮ ಬೆಂಗಳೂರನ್ನೇ ನೋಡಿ. ಮೈಜೆಯ ರೆಕ್ಕೆಯ ಅಡ್ಡಸೀಳಿನ ಆಕಾರ ಬಂದದ್ದು ಜರ್ಮನಿಯ ಗ್ಯೋಟಿಂಗೆನ್‌ನ ಪ್ರಯೋಗಶಾಲೆಯಿಂದ. ಆ ಗ್ಯೋಟಿಂಗೆನ್‌ನಲ್ಲೇ ಲುಡ್‌ವಿಗ್ ಪ್ರಾಂಟ್ಲ್ ಎಂಬ ವಿಜ್ಞಾನಿಯ ಕೈಕೆಳಗೆ ಡಾಕ್ಟರೇಟ್ ಮಾಡಿ ಬಂದವರು ವಿ.ಎಂ. ಘಾಟ್ಗೆ. ಯುದ್ಧದ ದಿನಗಳಲ್ಲಿ ಅವರು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ಗಾಗಿ ವಿನ್ಯಾಸ ಮಾಡಿದ್ದು ಜಿ-1, ಹತ್ತು ಜನ ಕೂರುವ ಮರದ ಗ್ಲೈಡರ್. ಹತ್ತು ಜನರನ್ನು ಹೊತ್ತು ಇಂಜಿನ್ನಿಲ್ಲದೆ ಹಾರುವುದು ವಿಹಾರಕ್ಕಂತೂ ಅಲ್ಲ. ಎಚ್‌ಎಎಲ್ ಬಗ್ಗೆ ಬರೆಯುವಾಗ ನಾವು ಘಾಟ್ಗೆಯವರ ಎಚ್‌ಟಿ-2 ತರಬೇತಿ ವಿಮಾನದಿಂದ ಶುರುಮಾಡಿ ಈ ಗ್ಲೈಡರನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತೇವೆ. ಜರ್ಮನ್ ವಿಜ್ಞಾನ ಓದಿದ ಭಾರತೀಯ, ಜರ್ಮನಿಯ ವಿರುದ್ಧ ಹೋರಾಡುತ್ತಿದ್ದ ಬ್ರಿಟಿಷ್ ಆಡಳಿತದ ಕಾಲದಲ್ಲಿ ಗ್ಲೈಡರ್ ಕಟ್ಟಿದ್ದು ಒಂದು ಸಾಲಿನ ವಿಷಯವಲ್ಲ.

1973ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ವಿಂಟೇಜ್ ಗ್ಲೈಡರ್ ಕ್ಲಬ್‌ನಂಥವು ಇಲ್ಲದಿದ್ದರೆ ಈ ಯಂತ್ರಗಳು ಕೊಟ್ಟಿಗೆಗಳಲ್ಲಿ ಗೆದ್ದಲು ಹಿಡಿಯುತ್ತಿದ್ದವು. ಆ ಶ್ರಮದ ಬಗ್ಗೆ ಗೌರವವಿದೆ. ಆದರೆ ಅವರು ಜೋಪಾನ ಮಾಡಿದ್ದು ವಸ್ತುವನ್ನು. ಮೈಜೆಯಲ್ಲಿ ನಿಜಕ್ಕೂ ಹೊಸದಾಗಿದ್ದದ್ದು ಅದರ ಹಿಂದಿನ ನಿಯಮ, ಮತ್ತು ಅದರ ಚರಿತ್ರೆಯೇ ಕುತೂಹಲದ್ದು. 15 ಮೀಟರ್, ಫ್ಲಾಪ್ ಇಲ್ಲ, ಬ್ರೇಕ್ ಕಡ್ಡಾಯ ಎಂಬ ಸೂತ್ರ 1950ರ ದಶಕದಲ್ಲಿ ‘ಸ್ಟ್ಯಾಂಡರ್ಡ್ ಕ್ಲಾಸ್’ ಎಂಬ ವಿಭಾಗವಾಗಿ ಮರಳಿ ಬಂತು. 1958ರಲ್ಲಿ ಪೋಲೆಂಡಿನ ಲೆಶ್ನೊದಲ್ಲಿ ಅದಕ್ಕೆ ಮೊದಲ ವಿಶ್ವ ಸ್ಪರ್ಧೆಯೂ ನಡೆಯಿತು. ಅದು ಬದುಕಿತು, ಯಾಕೆಂದರೆ ಅದರಲ್ಲಿ ಎಲ್ಲರಿಗೂ ಒಂದೇ ಅಳತೆ ಇತ್ತೇ ಹೊರತು ಒಂದೇ ಗ್ಲೈಡರ್ ಅಲ್ಲ.

ಎಲ್ಲರಿಗೂ ಒಂದೇ ಗ್ಲೈಡರ್ ಎಂಬ ಸೆಜ್ಜೆಯ ಮೂಲ ಆಸೆ ಮತ್ತೆ ಜಾರಿಗೆ ಬಂದದ್ದು 1990ರ ದಶಕದಲ್ಲಿ, ‘ವರ್ಲ್ಡ್ ಕ್ಲಾಸ್’ ಎಂದು. ಈ ಸಲ ಆಯ್ಕೆಯಾದದ್ದು ವಾರ್ಸಾದ ತಾಂತ್ರಿಕ ವಿಶ್ವವಿದ್ಯಾಲಯದ ಪಿಡಬ್ಲ್ಯು-5, ಅಂದರೆ ಕೋಚಿಯಾನ್ ಸತ್ತ ಊರಿನ ಗ್ಲೈಡರ್. 1997ರಲ್ಲಿ ಟರ್ಕಿಯಲ್ಲಿ ಅದರ ಮೊದಲ ವಿಶ್ವ ಸ್ಪರ್ಧೆ ನಡೆಯಿತು. ಕೆಲವು ವರ್ಷ ಕುಂಟಿ, ಕೊನೆಗೆ ಆ ವಿಭಾಗವನ್ನೇ ಮುಚ್ಚಬೇಕಾಯಿತು. ಪೈಲಟ್‌ಗಳಿಗೆ ಇನ್ನೂ ಚುರುಕಾದ, ಇನ್ನೂ ದೂರ ಹೋಗುವ ಗ್ಲೈಡರ್ ಬೇಕಿತ್ತು, ಸ್ವಂತ ದುಡ್ಡು ಹಾಕಿ ಕೊಳ್ಳುವವರು ನಿಧಾನದ್ದನ್ನು ಯಾಕೆ ಕೊಂಡಾರು? 1939ರಲ್ಲಿ ಈ ಪ್ರಶ್ನೆ ಏಳಲಿಲ್ಲ. ಆಗ ಗ್ಲೈಡರ್ ಕೊಳ್ಳುವವರಲ್ಲಿ, ಪೈಲಟ್‌ನನ್ನು ಆರಿಸುವವರಲ್ಲಿ, ವಿನ್ಯಾಸಕನಿಗೆ ಸಂಬಳ ಕೊಡುವವರಲ್ಲಿ ಬಹುಪಾಲು ಸರ್ಕಾರಗಳೇ ಇದ್ದವು. ಸೆಜ್ಜೆಯ ಆ ಸುಂದರ ಸಮಾನತೆಯ ಖರ್ಚನ್ನು ಭರಿಸಿದ್ದು ಯಾವ ಬೊಕ್ಕಸ, ಅದೇ ಬೊಕ್ಕಸ ಆ ವರ್ಷ ಇನ್ನೇನಕ್ಕೆಲ್ಲ ಹಣ ಹಾಕುತ್ತಿತ್ತು ಎಂದು ಕೇಳದೆ ಅದನ್ನು ಆಟದ ಸುವರ್ಣಯುಗ ಎನ್ನುವವರ ಮಾತಿಗೆ ನನ್ನ ಸಹಿ ಇಲ್ಲ.